ರಸೀದಿ ಸ್ಕ್ಯಾನ್ ಮಾಡಿದರೆ ದುಡ್ಡು ವಾಪಸ್: ಸೇವಿಂಗ್ಸ್ ಕ್ಯಾಚರ್ ಮತ್ತು ಅದರ ನಂತರದ ಆಪ್‌ಗಳು

ವಾಲ್‌ಮಾರ್ಟ್‌ನ ಸೇವಿಂಗ್ಸ್ ಕ್ಯಾಚರ್, ಅಂದರೆ ರಸೀದಿ ನೋಡಿ ಬೆಲೆಯ ವ್ಯತ್ಯಾಸ ವಾಪಸ್ ಕೊಡುತ್ತಿದ್ದ ಸೌಲಭ್ಯ, ಮುಚ್ಚಿ ವರ್ಷಗಳೇ ಆದವು. ಆದರೂ ಈಗ ಬರೆಯೋಕೆ ಕಾರಣ ಇದೆ. ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರು ದಿನಸಿ ಮೇಲೆ ದುಡ್ಡು ವಾಪಸ್ ಕೊಡೋ ಆಪ್ ಯಾವುದು ಒಳ್ಳೇದು ಅಂತ ಕೇಳುತ್ತಲೇ ಇರುತ್ತಾರೆ. ನಾನು ಸೇವಿಂಗ್ಸ್ ಕ್ಯಾಚರ್ ಅನ್ನು ಶುರುವಿನಿಂದ ಮುಚ್ಚುವವರೆಗೂ ಬಳಸಿದ್ದೇನೆ, ಆಮೇಲೆ ಬಂದವನ್ನೂ ಬಳಸುತ್ತಿದ್ದೇನೆ. ನೋಡೋಕೆ ಎಲ್ಲಾ ಒಂದೇ ಥರ. ಆದರೆ ಅದು ನಾವು ಆಗಲೇ ಕೊಂಡ ಸಾಮಾನಿಗೆ ದುಡ್ಡು ಕೊಡುತ್ತಿತ್ತು, ಈಗಿನವು ಹೆಚ್ಚಾಗಿ ತಾವು ತೋರಿಸಿದ ಸಾಮಾನು ಕೊಂಡರೆ ಮಾತ್ರ ದುಡ್ಡು ಕೊಡುತ್ತವೆ. ತಿಂಗಳ ಖರ್ಚಿನಲ್ಲಿ ಈ ವ್ಯತ್ಯಾಸ ಚೆನ್ನಾಗೇ ಗೊತ್ತಾಗುತ್ತದೆ.

ನಾವಿರೋದು ಡಲ್ಲಾಸ್ ಹತ್ತಿರ. 2014ರಲ್ಲಿ ಮೊದಲು ಪ್ರಯೋಗ ಮಾಡಿದ ಕೆಲವೇ ಊರುಗಳಲ್ಲಿ ಡಲ್ಲಾಸ್ ಕೂಡ ಇತ್ತು, ಆ ವರ್ಷ ಆಗಸ್ಟ್‌ನಲ್ಲಿ ದೇಶಕ್ಕೆಲ್ಲಾ ಬಂತು. ಕೆಲಸ ತುಂಬಾ ಸರಳ. ಸಾಮಾನು ತಂದು ಏಳು ದಿನದೊಳಗೆ ರಸೀದಿಯ ಕೆಳಗಿರುವ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಬೇಕಿತ್ತು, ಇಲ್ಲಾ ಟಿಸಿ ಅಂತ ಶುರುವಾಗುವ ಉದ್ದನೆಯ ಸಂಖ್ಯೆಯನ್ನು ವೆಬ್‌ಸೈಟಿನಲ್ಲಿ ಹೊಡೆಯಬೇಕಿತ್ತು. ಸುತ್ತಮುತ್ತಲಿನ ಬೇರೆ ಅಂಗಡಿಗಳು ಆ ವಾರದ ಜಾಹೀರಾತಿನಲ್ಲಿ ಅದೇ ಸಾಮಾನನ್ನು ಕಡಿಮೆ ಬೆಲೆಗೆ ಹಾಕಿವೆಯಾ ಅಂತ ಅದೇ ಹುಡುಕುತ್ತಿತ್ತು. ಎರಡು ಮೂರು ದಿನದಲ್ಲಿ ಫಲಿತಾಂಶ. ಯಾವ ಸಾಮಾನು, ಯಾವ ಅಂಗಡಿ, ಅಲ್ಲಿ ಎಷ್ಟು, ನಾನು ಕೊಟ್ಟಿದ್ದು ಎಷ್ಟು, ವಾಪಸ್ ಎಷ್ಟು, ಎಲ್ಲಾ ಸಾಲಾಗಿ ಬರೆದಿರುತ್ತಿತ್ತು. ಕ್ರೋಗರ್‌ನಲ್ಲಿ ಅದೇ ಡಬ್ಬ ಸಿರಿಯಲ್ 50 ಸೆಂಟ್ ಕಡಿಮೆ ಅಂದರೆ ಆ 50 ಸೆಂಟ್ ನಮ್ಮ ಲೆಕ್ಕಕ್ಕೆ ಜಮೆ. ವಾರಕ್ಕೆ 15 ರಸೀದಿ, ವರ್ಷಕ್ಕೆ 600 ಡಾಲರ್ ಒಳಗೆ ಅಂತ ಮಿತಿ ಇತ್ತು. ನಮ್ಮಂಥ ಮನೆಗೆ ಆ ಮಿತಿ ಮುಟ್ಟೋ ಮಾತೇ ಇರಲಿಲ್ಲ.

ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾಗಿದ್ದು ದುಡ್ಡಲ್ಲ, ಕೌಂಟರಿನಲ್ಲಿ ಮಾತಾಡಬೇಕಾಗಿರಲಿಲ್ಲ ಅನ್ನೋದು. ಅದಕ್ಕೂ ಮೊದಲು ಇಲ್ಲಿ ಬೆಲೆ ಸರಿಹೊಂದಿಸಿ ಅಂತ ಕೇಳಬೇಕಾದರೆ ಬೇರೆ ಅಂಗಡಿಯ ಜಾಹೀರಾತನ್ನು ಕ್ಯಾಷಿಯರ್‌ಗೆ ತೋರಿಸಬೇಕಿತ್ತು. ಅದೇ ಬ್ರ್ಯಾಂಡಾ, ಅದೇ ಸೈಜಾ ಅಂತ ಅವರು ನೋಡುವಷ್ಟರಲ್ಲಿ ಹಿಂದೆ ಜನ ನಿಂತಿರುತ್ತಾರೆ. ಹೊಸದಾಗಿ ಬಂದವರಿಗೆ, ಇಲ್ಲಿನ ಇಂಗ್ಲಿಷ್ ಉಚ್ಚಾರಣೆ ಇನ್ನೂ ಕಿವಿಗೆ ಹತ್ತದವರಿಗೆ, ಕಡಿಮೆ ಮಾಡಿಕೊಡಿ ಅಂತ ಕೇಳೋದೇ ದೊಡ್ಡ ಸಂಕೋಚ. ಊರಿನ ಮಾರ್ಕೆಟ್‌ನಲ್ಲಿ ಸೊಪ್ಪಿಗೆ ಚೌಕಾಸಿ ಮಾಡಿ ಪಳಗಿದವರೂ ಇಲ್ಲಿ ಸುಮ್ನೆ ಕಾರ್ಡ್ ಉಜ್ಜಿ ಬರುತ್ತಾರೆ. ಅಂಥವರಿಗೆ ಈ ಆಪ್ ನಿಜವಾಗಿ ಉಪಕಾರ ಮಾಡಿತು. ಮನೆಗೆ ಬಂದು, ಕಾಫಿ ಕುಡಿಯುತ್ತಾ ಸ್ಕ್ಯಾನ್ ಮಾಡಿದರೆ ಮುಗೀತು. ಯಾರನ್ನೂ ಏನೂ ಕೇಳಬೇಕಿಲ್ಲ.

ಇನ್ನು ದುಡ್ಡಿನ ವಿಷಯ. ಬುಟ್ಟಿಯಲ್ಲಿ ಏನಿದೆ ಅನ್ನೋದರ ಮೇಲೆ ಎಲ್ಲಾ ನಿಂತಿತ್ತು. ನಮ್ಮದು ಸಸ್ಯಾಹಾರಿ ಮನೆ. ಮೊಸರಿಗೆ ಹೆಪ್ಪು ಹಾಕೋದರಿಂದ ಹಾಲು ಗ್ಯಾಲನ್‌ಗಟ್ಟಲೆ ಬೇಕು, ಆದರೆ ನಾವು ತರೋದು ಗ್ರೇಟ್ ವ್ಯಾಲ್ಯೂ ಹಾಲು. ಅದು ಅಂಗಡಿಯ ಸ್ವಂತ ಬ್ರ್ಯಾಂಡ್, ಸ್ವಂತ ಬ್ರ್ಯಾಂಡಿಗೆ ಹೋಲಿಕೆ ಇಲ್ಲ. ಬೇಕರಿ, ಡೆಲಿ ಸಾಮಾನಿಗೂ ಇಲ್ಲ. ತರಕಾರಿಯಲ್ಲಿ ನಮಗೆ ವಾಪಸ್ ಸಿಕ್ಕಿದ್ದು ಬಹಳ ಅಪರೂಪ. ತೊಗರಿಬೇಳೆ, ರಾಗಿಹಿಟ್ಟು, ಫ್ರೋಜನ್ ಅವರೆಕಾಳು ಇಂಡಿಯನ್ ಅಂಗಡಿಯಿಂದ ಬರೋದು, ಅದು ಈ ಲೆಕ್ಕಕ್ಕೇ ಸೇರೋದಿಲ್ಲ. ಉಳಿದಿದ್ದು ಸಿರಿಯಲ್, ಜ್ಯೂಸ್, ಟೈಡ್, ಟೂತ್‌ಪೇಸ್ಟ್, ಮಗು ಚಿಕ್ಕದಿದ್ದಾಗ ಡೈಪರ್. ಡೈಪರ್ ಮತ್ತು ಡಿಟರ್ಜೆಂಟ್ ಇದ್ದ ವಾರ ಎರಡು ಮೂರು ಡಾಲರ್ ಬರುತ್ತಿತ್ತು, ಬರೀ ಹಾಲು ತರಕಾರಿ ತಂದ ವಾರ ಸೊನ್ನೆ. ಪಕ್ಕದ ಮನೆಯವರು ಹೆಸರಾಂತ ಬ್ರ್ಯಾಂಡುಗಳ ಪ್ಯಾಕೆಟ್ ಸಾಮಾನನ್ನೇ ಜಾಸ್ತಿ ತರುವವರು, ಅವರಿಗೆ ನಮಗಿಂತ ಯಾವಾಗಲೂ ಜಾಸ್ತಿ ಬರುತ್ತಿತ್ತು.

ಇನ್ನೊಂದನ್ನು ಜನ ಸರಿಯಾಗಿ ಗಮನಿಸುತ್ತಿರಲಿಲ್ಲ. ಅದು ನೋಡುತ್ತಿದ್ದದ್ದು ಜಾಹೀರಾತಿನಲ್ಲಿ ಅಚ್ಚಾದ ಬೆಲೆ ಮಾತ್ರ. ಬೇರೆ ಅಂಗಡಿಯ ಶೆಲ್ಫ್ ಮೇಲೆ ಅದೇ ಸೋಪು ದಿನಾ ಕಡಿಮೆ ಬೆಲೆಗೆ ಸಿಗುತ್ತಿದ್ದರೂ ಪ್ರಯೋಜನ ಇಲ್ಲ. ಆನ್‌ಲೈನ್ ಬೆಲೆಯೂ ಲೆಕ್ಕಕ್ಕಿಲ್ಲ. ಹಾಗಾಗಿ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೆ. ಕ್ರೋಗರ್ ಜಾಹೀರಾತು ನಮ್ಮ ಕಡೆ ಬುಧವಾರ ಬದಲಾಗುತ್ತದೆ. ಹೆಚ್ಚು ದಿನ ಇಟ್ಟುಕೊಳ್ಳಬಹುದಾದ ಸಾಮಾನಿನ ಪಟ್ಟಿಯನ್ನು ಬುಧವಾರದವರೆಗೆ ತಡೆಹಿಡಿದು, ಹೊಸ ಜಾಹೀರಾತಿನಲ್ಲಿ ಏನಿದೆ ನೋಡಿ, ಅದನ್ನೇ ವಾಲ್‌ಮಾರ್ಟ್‌ನಲ್ಲಿ ಕೊಳ್ಳುತ್ತಿದ್ದೆ. ಮೂರು ಅಂಗಡಿ ಸುತ್ತೋ ಪೆಟ್ರೋಲು ಉಳಿಯಿತು, ಶನಿವಾರದ ಅರ್ಧ ದಿನವೂ ಉಳಿಯಿತು.

ಅಂಗಡಿಗೆ ಇದರಿಂದ ಏನು ಲಾಭ ಅಂತಲೂ ಹೇಳಬೇಕು. ವಾಪಸ್ ಬಂದಿದ್ದು ಮುಖ್ಯವಾಗಿ ಇ-ಗಿಫ್ಟ್ ಕಾರ್ಡ್ ರೂಪದಲ್ಲಿ, ಅದನ್ನು ಅಲ್ಲೇ ಖರ್ಚು ಮಾಡಬೇಕಿತ್ತು. ಕೆಲಕಾಲ ಅಮೆರಿಕನ್ ಎಕ್ಸ್‌ಪ್ರೆಸ್‌ನ ಬ್ಲೂಬರ್ಡ್ ಅನ್ನೋ ಪ್ರೀಪೇಯ್ಡ್ ಕಾರ್ಡಿಗೆ ಹಾಕಿಕೊಂಡರೆ ದುಪ್ಪಟ್ಟು ಸಿಗುತ್ತಿತ್ತು, ಅದು ನಿಜಕ್ಕೂ ಒಳ್ಳೆಯ ಕಾಲ. ಜೊತೆಗೆ ಯಾವ ಮನೆ ವಾರವಾರ ಏನು ಕೊಳ್ಳುತ್ತದೆ ಅನ್ನೋದು ಅವರಿಗೆ ಪೂರ್ತಿ ಗೊತ್ತಾಗುತ್ತಿತ್ತು. ಸ್ಕ್ಯಾನ್ ಮಾಡೋ ತಾಳ್ಮೆ ಇರುವವರಿಗೆ ಒಂದು ಬೆಲೆ, ಇಲ್ಲದವರಿಗೆ ಇನ್ನೊಂದು. ಅರ್ಥಶಾಸ್ತ್ರ ಓದಿದವರು ಇನ್ನೂ ಒಂದು ಮಾತು ಹೇಳುತ್ತಾರೆ: ದೊಡ್ಡ ಅಂಗಡಿ ಬೆಲೆ ಸರಿಹೊಂದಿಸುತ್ತೇನೆ ಅಂತ ಮಾತು ಕೊಟ್ಟರೆ, ಎದುರಿನ ಅಂಗಡಿಗೆ ಬೆಲೆ ಇಳಿಸುವ ಉತ್ಸಾಹವೇ ಕಡಿಮೆಯಾಗಬಹುದು, ಯಾಕೆಂದರೆ ಇಳಿಸಿದರೂ ಗಿರಾಕಿ ತನ್ನ ಕಡೆ ಬರೋದಿಲ್ಲ. ಇದೆಲ್ಲಾ ಗೊತ್ತಿದ್ದೂ ನಾನು ಬಳಸಿದೆ. ಕೊಂಡ ಸಾಮಾನಿಗೆ ನ್ಯಾಯವಾದ ಬೆಲೆ ಸಿಗುತ್ತಿತ್ತು, ಅದು ನನಗೆ ಮುಖ್ಯ.

ಕೊನೆಕೊನೆಗೆ ವಾಲ್‌ಮಾರ್ಟ್ ಪೇ, ಅಂದರೆ ಅವರದೇ ಆಪ್, ಬಳಸಿ ದುಡ್ಡು ಕೊಟ್ಟರೆ ಮಾತ್ರ ಅಂತ ಮಾಡಿದರು, 2019ರ ಮೇ ತಿಂಗಳಲ್ಲಿ ಪೂರ್ತಿ ನಿಲ್ಲಿಸಿದರು. ನಮ್ಮ ಬೆಲೆಗಳೇ ಕಡಿಮೆಯಾಗಿವೆ, ಹೋಲಿಕೆಯಲ್ಲಿ ವ್ಯತ್ಯಾಸ ಸಿಗೋದೇ ಕಮ್ಮಿ ಆಗಿದೆ ಅನ್ನೋದು ಅವರು ಕೊಟ್ಟ ಕಾರಣ. ನನಗೆ ಬೇಜಾರಾಯಿತು, ಈಗಲೂ ಇದೆ. ಬ್ರಿಟನ್ನಿನಲ್ಲೂ ಹೀಗೇ ಆಯಿತು. ಅಲ್ಲಿ ಆಸ್ಡಾ, ಟೆಸ್ಕೊ, ಸೇನ್ಸ್‌ಬರೀಸ್ ಅನ್ನೋ ದೊಡ್ಡ ಅಂಗಡಿಗಳು ಇಂಥ ಯೋಜನೆ ನಡೆಸಿ ಒಂದೊಂದಾಗಿ 2018ರ ಹೊತ್ತಿಗೆ ನಿಲ್ಲಿಸಿದವು. ಇಲ್ಲಿ ಟಾರ್ಗೆಟ್ ಅಂಗಡಿ ಕೂಡ 2025ರ ಜುಲೈ ಕೊನೆಯಿಂದ ಅಮೆಜಾನ್, ವಾಲ್‌ಮಾರ್ಟ್ ಬೆಲೆಗೆ ಸರಿಹೊಂದಿಸೋದು ಬಿಟ್ಟಿದೆ.

ಈಗ ಉಳಿದಿರೋದು ಐಬೋಟಾ, ಫೆಚ್, ವಾಲ್‌ಮಾರ್ಟ್ ಕ್ಯಾಷ್ ಥರದವು. ಇವುಗಳ ಹಿಂದೆ ಇರೋದು ಸಾಮಾನು ತಯಾರಿಸುವ ಕಂಪನಿಗಳ ದುಡ್ಡು. ಹೊಸ ಚಿಪ್ಸ್ ಕೊಂಡರೆ ಒಂದು ಡಾಲರ್, ಹೊಸ ಯೋಗರ್ಟ್ ಎರಡು ಕೊಂಡರೆ 75 ಸೆಂಟ್, ಹೀಗೆ. ಬೇಡದ ಚಿಪ್ಸಿಗೆ ನಾಲ್ಕು ಡಾಲರ್ ಕೊಟ್ಟು ಒಂದು ವಾಪಸ್ ಪಡೆದರೆ ಖರ್ಚಾಗಿದ್ದು ಮೂರು, ಉಳಿತಾಯ ಎಲ್ಲಿ ಆಯಿತು? ಹಾಗಾಗಿ ನನ್ನ ಸಲಹೆ, ಮೊದಲು ಪಟ್ಟಿ ಬರೆಯಿರಿ, ಆಮೇಲೆ ಆಪ್ ತೆರೆಯಿರಿ. ಪಟ್ಟಿಯಲ್ಲಿರುವುದಕ್ಕೆ ಆಫರ್ ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ಮುಚ್ಚಿಬಿಡಿ. ಸೈಜು, ಫ್ಲೇವರ್ ಎರಡನ್ನೂ ಅಂಗಡಿಯಲ್ಲೇ ಆಪ್‌ನ ಬಾರ್‌ಕೋಡ್ ಸ್ಕ್ಯಾನರ್‌ನಿಂದ ಪರೀಕ್ಷಿಸಿಕೊಳ್ಳಿ. ಒಂದು ಆಪ್, ಹೆಸರು ಬೇಡ, 12 ಔನ್ಸ್ ಬದಲು 10 ಔನ್ಸ್ ಅಂತ ನನ್ನ ಆಫರ್ ತಿರಸ್ಕರಿಸಿತು, ಎಷ್ಟು ಬರೆದರೂ ಉತ್ತರ ಬರಲಿಲ್ಲ.

ಐಬೋಟಾದಲ್ಲಿ 20 ಡಾಲರ್ ಸೇರಿದ ಕೂಡಲೇ ಬ್ಯಾಂಕಿಗೆ ಹಾಕಿಕೊಳ್ಳಿ. ಆರು ತಿಂಗಳು ಬಳಸದೆ ಬಿಟ್ಟರೆ ಉಳಿದ ದುಡ್ಡಿನಲ್ಲಿ ತಿಂಗಳಿಗೆ 3.99 ಡಾಲರ್ ಕಡಿತ ಅಂತ ನಿಯಮದಲ್ಲೇ ಇದೆ, ಊರಿಗೆ ದೀರ್ಘ ರಜೆಗೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ. ಫೆಚ್‌ಗೆ ಯಾವ ಅಂಗಡಿಯ ರಸೀದಿಯೂ ನಡೆಯುತ್ತದೆ, ಇಂಡಿಯನ್ ಅಂಗಡಿಯದ್ದೂ. ಬರೋ ಪಾಯಿಂಟ್ ತೀರಾ ಕಡಿಮೆ, ಆದರೆ ಏನನ್ನೂ ಹೆಚ್ಚುವರಿ ಕೊಳ್ಳಬೇಕಿಲ್ಲ, ಅದಕ್ಕೇ ಅದು ನನ್ನ ಫೋನಿನಲ್ಲಿ ಇನ್ನೂ ಇದೆ.