ಬೀದರ್‌ನಿಂದ ತಂದ ಬಿದ್ರಿ ಹೂದಾನಿ: 3,200 ರೂಪಾಯಿ ಕೊಟ್ಟಿದ್ದು ಯಾವುದಕ್ಕೆ?

ಹೋದ ತಿಂಗಳು ಸಂಬಂಧಿಕರ ಮದುವೆಗೆ ಬೀದರ್‌ಗೆ ಹೋಗಿದ್ದೆ. ಮರುದಿನ ಊರು ಸುತ್ತುತ್ತಾ ಚೌಬಾರ ಅನ್ನುವ ಹಳೆಯ ಕಾವಲು ಗೋಪುರದ ಕಡೆ ಹೋದವಳು ಅಲ್ಲೇ ಹತ್ತಿರದ ಒಂದು ಗಲ್ಲಿಯ ಸಣ್ಣ ಕಾರ್ಖಾನೆಯಲ್ಲಿ ಈ ಹೂದಾನಿ ತಗೊಂಡೆ. ಆರು ಇಂಚು ಎತ್ತರ, ಕಪ್ಪು ಮೈ, ಅದರ ಮೇಲೆ ಬೆಳ್ಳಿ ತಂತಿಯ ಬಳ್ಳಿ. ಹೀಗೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರ್‌ನ ಕೆಲಸಕ್ಕೇ ಬಿದ್ರಿ ಅನ್ನುತ್ತಾರೆ. ಬೆಲೆ 3,200 ರೂಪಾಯಿ. ಮನೆಗೆ ಬಂದವರೆಲ್ಲ ಅದನ್ನು ಕೈಗೆತ್ತಿಕೊಂಡು ಮೊದಲು ಕೇಳುವುದು ಒಂದೇ ಮಾತು: "ಇದರಲ್ಲಿ ಬೆಳ್ಳಿ ಎಷ್ಟಿದೆ?" ಈ ಮಾತು ನಾಲ್ಕೈದು ಸಲ ಕೇಳಿದ ಮೇಲೆ ಬರೆಯಲೇಬೇಕು ಅನ್ನಿಸಿತು.

ಯಾಕಂದ್ರೆ ನಾನೂ ಅಂಗಡಿಯಲ್ಲಿ ಕೂತು ಅದನ್ನೇ ಕೇಳಿದ್ದೆ. ಅಲ್ಲಿದ್ದ ಚಾಚಾ ಸ್ವಲ್ಪವೂ ಬೇಸರ ಮಾಡಿಕೊಳ್ಳದೆ ಹೇಳಿದರು, "ಹತ್ತ್ ಗ್ರಾಂ ಸುದ್ದಾ ಇಲ್ರಿ ಅಮ್ಮಾ. ಆದ್ರ ಎಂಟ್ ದಿನದ ಕೆಲ್ಸ ಅದ." ಆಮೇಲೆ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಆ ಒಂದೂವರೆ ಗಂಟೆ ಇಲ್ಲದಿದ್ದರೆ ನಾನು ಬಹುಶಃ ಚೌಕಾಸಿ ಮಾಡಿ, ಬೆಲೆ ಜಾಸ್ತಿ ಅಂತ ಗೊಣಗಿ, ಎದ್ದು ಬರುತ್ತಿದ್ದೆ.

ಈ ಪಾತ್ರೆ ಮೂಲದಲ್ಲಿ ಬೆಳ್ಳಿಯದೂ ಅಲ್ಲ, ಕಬ್ಬಿಣದ್ದೂ ಅಲ್ಲ. ಸತು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಕರಗಿಸಿ, ಮಣ್ಣಿನ ಅಚ್ಚಿಗೆ ಹುಯ್ಯುತ್ತಾರೆ. ಅಚ್ಚಿನಿಂದ ಹೊರಗೆ ಬಂದಾಗ ಅದು ಒರಟು, ಬೂದು ಬಣ್ಣದ, ನೋಡಲು ಏನೂ ಇಲ್ಲದ ಒಂದು ಗಟ್ಟಿ. ಅದನ್ನು ಅರದಿಂದ ಉಜ್ಜಿ ನಯ ಮಾಡುತ್ತಾರೆ. ಮೈಲುತುತ್ತದ ನೀರು ಸವರಿ ಮೈಯನ್ನು ಸದ್ಯಕ್ಕೆ ಕಪ್ಪಾಗಿಸುತ್ತಾರೆ, ಗೆರೆ ಕಾಣಲಿ ಅಂತ ಅಷ್ಟೇ. ಅದರ ಮೇಲೆ ಚೂಪು ಮೊನೆಯಿಂದ ನೇರವಾಗಿ ಚಿತ್ರ ಬರೆಯುತ್ತಾರೆ. ಎದುರಿಗೆ ಮಾದರಿ ಇಲ್ಲ, ಪೆನ್ಸಿಲ್ ಗುರುತೂ ಇಲ್ಲ. ಹೂದಾನಿಯ ಹೊಟ್ಟೆ ಉಬ್ಬಿ ಕುತ್ತಿಗೆ ಸಣ್ಣಗಾಗುವ ಕಡೆ ಬಳ್ಳಿಯ ಎಲೆಯೂ ತಾನಾಗಿ ಚಿಕ್ಕದಾಗುತ್ತಾ ಹೋಗುತ್ತದೆ, ಸುತ್ತು ಬಂದು ಮೊದಲ ಎಲೆಯನ್ನು ಸರಿಯಾಗಿ ಮುಟ್ಟುತ್ತದೆ. ಇದನ್ನು ನಾನು ಉಸಿರು ಬಿಗಿಹಿಡಿದು ನೋಡಿದೆ.

ಆಮೇಲೆ ಕೆತ್ತನೆ. ಸಣ್ಣ ಉಳಿಗಳಿಂದ ಆ ಗೆರೆಯನ್ನೆಲ್ಲ ತೋಡಿ, ತೋಡಿದ ಕಡೆ ಬೆಳ್ಳಿ ತಂತಿ ಅಥವಾ ತಗಡು ಕೂರಿಸಿ ಸುತ್ತಿಗೆಯಿಂದ ತಟ್ಟುತ್ತಾರೆ. ತಂತಿಯ ಕೆಲಸಕ್ಕೆ ತಾರಕಶಿ ಅನ್ನುತ್ತಾರೆ. ಅಂಟು ಇಲ್ಲ, ಬೆಸುಗೆ ಇಲ್ಲ. ತೋಡಿದ ಅಂಚೇ ಬೆಳ್ಳಿಯನ್ನು ಹಿಡಿದುಕೊಳ್ಳಬೇಕು. ಮತ್ತೆ ಉಜ್ಜಿದಾಗ ಆ ತಾತ್ಕಾಲಿಕ ಕಪ್ಪು ಹೋಗಿ ಎಲ್ಲವೂ ಒಂದೇ ಬಿಳಿ. ಬೆಳ್ಳಿ ಯಾವುದು, ಸತು ಯಾವುದು ಗೊತ್ತೇ ಆಗುವುದಿಲ್ಲ. ವಾರದ ಕೆಲಸ ಅಳಿಸಿಹೋಯಿತೇನೋ ಅನ್ನಿಸುತ್ತದೆ.

ಇನ್ನು ಉಳಿದಿದ್ದು ಮಣ್ಣು. ಬೀದರ್ ಕೋಟೆಯೊಳಗೆ, ಹಳೆಯ ಕಟ್ಟಡಗಳಲ್ಲಿ ಬಿಸಿಲು ಮಳೆ ತಾಗದ ಕಡೆಯ ಮಣ್ಣು. ಅದನ್ನು ನವಸಾಗರದ (ಅಮೋನಿಯಂ ಕ್ಲೋರೈಡ್ ಉಪ್ಪು) ಜೊತೆ ನೀರಿನಲ್ಲಿ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತು ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕಣ್ಣೆದುರೇ ಬಳ್ಳಿ ಕಪ್ಪಿನಿಂದ ಎದ್ದು ಬರುತ್ತದೆ. ಎಲ್ಲಾ ಮಣ್ಣೂ ಆಗುವುದಿಲ್ಲವಂತೆ, ನಾಲಿಗೆಗೆ ಇಟ್ಟು ರುಚಿ ನೋಡಿ ಆರಿಸುತ್ತಾರೆ. ಚಾಚಾ ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡು ತಲೆ ಆಡಿಸಿದರು. ನನಗೂ ಕೊಟ್ಟರು. ನನಗೆ ಬರೀ ಮಣ್ಣಿನ ರುಚಿ ಬಂತು, ಅವರಿಗೆ ಅದರಲ್ಲಿ ಬಣ್ಣ ಗೊತ್ತಾಗಿತ್ತು.

ಆಗ ನನಗೆ ಹೊಳೆದ ಪ್ರಶ್ನೆ, ಇದರ ಕಲಾವಿದ ಯಾರು? ಹುಯ್ದವನೊಬ್ಬ, ಚಿತ್ರ ಬರೆದು ಕೆತ್ತಿದವನೊಬ್ಬ, ಬೆಳ್ಳಿ ಕೂರಿಸಿದವನು ಇನ್ನೊಬ್ಬ, ಕೊನೆಗೆ ಮಣ್ಣು ಉಜ್ಜಿದ್ದು ಚಾಚಾ. ಒಂದು ಕ್ಯಾನ್ವಾಸ್ ಆಗಿದ್ದರೆ ಮೂಲೆಯಲ್ಲಿ ಸಹಿ ಇರುತ್ತಿತ್ತು, ನಾವು ಆ ಸಹಿಗೇ ಅರ್ಧ ದುಡ್ಡು ಕೊಡುತ್ತಿದ್ದೆವು, ಬಣ್ಣದ ಟ್ಯೂಬಿನ ಬೆಲೆ ಎಷ್ಟು ಅಂತ ಯಾರೂ ಕೇಳುತ್ತಿರಲಿಲ್ಲ. ಹೂದಾನಿ ಆದ ಕೂಡಲೇ ಅದು ಕರಕುಶಲ ವಸ್ತು, ತೂಕ ಹಾಕು, ಬೆಳ್ಳಿ ಲೆಕ್ಕ ಹಾಕು. ಇದು ಸರಿಯಲ್ಲ ಅಲ್ವಾ? ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ಮ್ಯೂಸಿಯಂನಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿ ಹಳೆಯ ಬಿದ್ರಿ ಹುಕ್ಕಾ ಬುಡಗಳನ್ನು ಗಾಜಿನೊಳಗೆ ಇಟ್ಟಿದ್ದಾರೆ. ಅಲ್ಲಿ ಅವು ಕಲೆ. ಆದರೆ ಅಲ್ಲೂ ಚೀಟಿಯಲ್ಲಿ ಬೀದರ್ ಅಂತ, ಶತಮಾನ ಇಷ್ಟು ಅಂತ ಇರುತ್ತದೆ, ಮಾಡಿದವರ ಹೆಸರು ಸಿಗುವುದು ಬಹಳ ಅಪರೂಪ. ಚೌಬಾರದಿಂದ ಸ್ವಲ್ಪ ನಡೆದರೆ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇದೆ. ಗೋಡೆಯ ಮೇಲೆ ಅಳಿದುಳಿದ ನೀಲಿ ಹೆಂಚಿನ ಚೂರುಗಳು ಇವತ್ತಿಗೂ ಹೊಳೆಯುತ್ತವೆ. ಕಟ್ಟಿಸಿದವನ ಹೆಸರು ಎಲ್ಲರಿಗೂ ಗೊತ್ತು. ಹೆಂಚು ಅಂಟಿಸಿದವರು?

ಹಾಗಾಗಿ ನಾನು ಹೂದಾನಿಯ ತಳದಲ್ಲಿ ಹೆಸರು ಕೆತ್ತಿ ಕೊಡಿ ಅಂತ ಕೇಳಿದೆ. ಚಾಚಾ ನಕ್ಕು, "ನಾಕ್ ಮಂದಿ ಮಾಡ್ಯಾರ, ಯಾರ್ ಹೆಸ್ರು ಹಾಕ್ಲಿ?" ಅಂದರು. ನಾಲ್ಕೂ ಹಾಕಿ ಅಂದೆ. ತಳದಲ್ಲಿ ಅಷ್ಟು ಜಾಗ ಇರಲಿಲ್ಲ. ಕೊನೆಗೆ ಕೈಬರಹದ ಬಿಲ್ಲಿನ ಹಿಂದೆ ನಾಲ್ಕು ಹೆಸರು ಬರೆದುಕೊಟ್ಟರು.

ಹೆಸರು ಸಿಕ್ಕಿದರೆ ಏನಾಗುತ್ತದೆ ಅನ್ನುವುದನ್ನೂ ಬೀದರ್ ನೋಡಿದೆ. 2023ರಲ್ಲಿ ಇಲ್ಲಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅದಕ್ಕೂ ಬಹಳ ಮೊದಲೇ ಬಿದ್ರಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತ್ತು. ಟ್ಯಾಗ್ ಊರಿನ ಹೆಸರನ್ನು ಕಾಪಾಡುತ್ತದೆ, ಒಳ್ಳೆಯದೇ. ಊರಿನ ಜೊತೆ ಮಾಡಿದವರ ಹೆಸರೂ ಗಿರಾಕಿಗೆ ಗೊತ್ತಾಗಬೇಕು ಅಂತ ನನ್ನ ಆಸೆ.

ಈಗ ವಸ್ತುವಿನ ಬಗ್ಗೆ. ಆಕಾರಕ್ಕೆ ಹೋಲಿಸಿದರೆ ಭಾರ ಜಾಸ್ತಿ, ಕೈಜಾರಿದರೆ ಟೈಲ್ಸ್ ಒಡೆಯುತ್ತದೆ. ಬೆಳ್ಳಿಯ ಗೆರೆ ಮೇಲೆ ಬೆರಳಾಡಿಸಿದರೆ ಎಲ್ಲೂ ತಡೆಯುವುದಿಲ್ಲ. ಒಂದು ಕಡೆ ಮಾತ್ರ ತಂತಿಯ ತುದಿ ಕೂದಲಷ್ಟು ಎದ್ದಿತ್ತು, ಕೊಳ್ಳುವಾಗಲೇ ಕಂಡಿದ್ದರಿಂದ ಅಲ್ಲೇ ತಟ್ಟಿ ಸರಿ ಮಾಡಿಕೊಟ್ಟರು. ನೀವೂ ಬೆರಳಾಡಿಸಿ ನೋಡಿಯೇ ತಗೊಳ್ಳಿ. ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಬಿದ್ರಿ ಅಂತ 900 ರೂಪಾಯಿಗೆ ಒಂದು ಡಬ್ಬಿ ತಗೊಂಡು ಮೋಸ ಹೋಗಿದ್ದೆ. ಉಗುರು ತಾಗಿದರೆ ಬಣ್ಣ ಪದರ ಪದರವಾಗಿ ಎದ್ದಿತು, ಒಳಗೆ ಹಳದಿ ಲೋಹ. ಅಲ್ಲಿ ಬೆಳ್ಳಿಯೂ ಇರಲಿಲ್ಲ, ಕೆತ್ತನೆಯೂ ಇರಲಿಲ್ಲ, ಎಲ್ಲಾ ಅಚ್ಚು ಒತ್ತಿದ್ದು.

ಹೂದಾನಿ ಅಂತ ಹೆಸರಿದ್ದರೂ ನೀರು ಹಾಕಿ ಹೂ ಇಡಬೇಡಿ, ಬೇಕಿದ್ದರೆ ಒಣ ಹುಲ್ಲು ಇಡಿ. ಹುಣಸೆಹಣ್ಣು, ಪಾತ್ರೆ ಪುಡಿ ಹತ್ತಿರಕ್ಕೂ ತರಬೇಡಿ, ಕಪ್ಪು ಹೋಗುತ್ತದೆ. ಕಪ್ಪು ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಹತ್ತಿಬಟ್ಟೆಯಲ್ಲಿ ಸವರಿ ಒರೆಸಿ, ಸಾಕು.

ಬೀದರ್‌ಗೆ ಹೋಗುವುದಾದರೆ ಷೋರೂಮಿನಲ್ಲಿ ಮಾತ್ರ ನೋಡಿ ಬರಬೇಡಿ, ಕೆಲಸ ನಡೆಯುವ ಕಡೆಯೇ ಹೋಗಿ ಕೂತು ನೋಡಿ, ಯಾರೂ ಬೇಡ ಅನ್ನುವುದಿಲ್ಲ. ದೊಡ್ಡದು ಬೇಡ ಅಂದರೆ ಓಲೆ, ಕೀ ಚೈನ್ ಕೂಡ ಸಿಗುತ್ತವೆ. ಬಿಲ್ ಬರೆಯುವಾಗ ಮಾಡಿದವರ ಹೆಸರು ಕೇಳಿ ಬರೆಸಿಕೊಳ್ಳಿ. ನನ್ನ ಬಿಲ್ಲನ್ನು ಮಡಚಿ ಹೂದಾನಿಯೊಳಗೇ ಇಟ್ಟಿದ್ದೇನೆ. ಬೆಳ್ಳಿ ಎಷ್ಟು ಅಂತ ಕೇಳಿದವರಿಗೆ ಈಗ ಅದನ್ನೇ ತೆಗೆದು ಕೊಡುತ್ತೇನೆ.