ರಿಪೀಟರ್, ಮೆಶ್, ಪವರ್‌ಲೈನ್, ಕೇಬಲ್: ಮುಂಬಯಿ ಫ್ಲ್ಯಾಟಿಗೆ ಯಾವುದು ಸರಿ

ಹಾಲ್‌ನಲ್ಲಿ ರೂಟರ್ ಪಕ್ಕ ಕೂತರೆ 200 ಎಂಬಿಪಿಎಸ್, ಒಳಗಿನ ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಹದಿನೈದು. ಇಂಥ ಮನೆಯವರು ಸಾಮಾನ್ಯವಾಗಿ ಮೊದಲು ಪ್ಲಾನ್ ಏರಿಸುತ್ತಾರೆ. 200 ಇದ್ದದ್ದು 500 ಆದರೂ ಬೆಡ್‌ರೂಮಿನ ಹದಿನೈದು ಹದಿನೈದೇ, ಏಕೆಂದರೆ ವೇಗ ಸೋರುತ್ತಿರುವುದು ಮನೆಯೊಳಗಿನ ಗೋಡೆಯಲ್ಲಿ. ಆ ಗೋಡೆ ದಾಟುವ ದಾರಿಗಳನ್ನು ಮೂರು ಬಗೆಯ ಮನೆಗಳಲ್ಲಿ ಹಾಕಿ ನೋಡಿದ್ದೇವೆ: ಮಾಟುಂಗ, ದಾದರ್ ಕಡೆಯ ದಪ್ಪ ಇಟ್ಟಿಗೆ ಗೋಡೆಯ ಹಳೆ ಕಟ್ಟಡ, ಡೊಂಬಿವಲಿ, ಮುಲುಂಡ್‌ನ ಒನ್ ಬಿಎಚ್‌ಕೆ, ಮತ್ತೆ ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಎದ್ದಿರುವ ಹೊಸ ಟವರು. ಕಂಟ್ರಾಕ್ಟರುಗಳು ಮಿವಾನ್ ಎನ್ನುವ ಅಚ್ಚಿನ ಪದ್ಧತಿಯಲ್ಲಿ ಕಟ್ಟಿದ ಟವರಿನಲ್ಲಿ ಒಳಗೋಡೆಗಳೂ ಸರಳು ತುಂಬಿದ ಕಾಂಕ್ರೀಟೇ. ವೈಫೈಗೆ ಇದಕ್ಕಿಂತ ಕಠಿಣ ಮನೆ ಇಲ್ಲ.

ಏನನ್ನಾದರೂ ಕೊಳ್ಳುವ ಮುಂಚೆ ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ನೇರವಾಗಿ ಫೈಬರ್ ಪೆಟ್ಟಿಗೆಗೆ ಜೋಡಿಸಿ, ವೈಫೈ ಆಫ್ ಮಾಡಿ, ವೇಗ ಅಳೆಯಿರಿ. 300ರ ಪ್ಲಾನ್‌ಗೆ 94 ಅಥವಾ 95 ಮಾತ್ರ ಬಂದು ಅಲ್ಲೇ ನಿಂತರೆ ಗೋಡೆಯನ್ನು ದೂರಬೇಡಿ. ನಡುವೆ ಎಲ್ಲೋ ಒಂದು ಕಡೆ 100 ಎಂಬಿಪಿಎಸ್ ಪೋರ್ಟ್ ಇದೆ, ಇಲ್ಲವೇ ಕೇಬಲ್‌ನ ಒಂದು ಜೋಡಿ ತಂತಿ ಕಡಿದಿದೆ. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ನಾಲ್ಕು ಜೋಡಿಯೂ ಬೇಕು; 100ಕ್ಕೆ ಎರಡೇ ಸಾಕು. ಹಾಗಾಗಿ ಉಳಿದೆರಡರಲ್ಲಿ ಒಂದು ಜೋಡಿ ಹೋದರೂ ಸಂಪರ್ಕ ಕಡಿಯದೆ, ಯಾರಿಗೂ ಹೇಳದೆ 100ಕ್ಕೆ ಇಳಿದು ಓಡುತ್ತಿರುತ್ತದೆ. ಎಲ್ಲ ಸರಿಯಿರುವ ಗಿಗಾಬಿಟ್ ಕೊಂಡಿಯಲ್ಲಿ ಕೈಗೆ ಸಿಗುವುದು ಸುಮಾರು 940. ಮನೆಯೊಳಗಿನ ಕೊಂಡಿಯನ್ನಷ್ಟೇ ಅಳೆಯಲು ಐಪರ್ಫ್3 ಎಂಬ ಉಚಿತ ತಂತ್ರಾಂಶ ಸಾಕು. ಅದನ್ನು ಕೇಬಲ್ ಹಾಕಿದ ಒಂದು ಕಂಪ್ಯೂಟರಿನಲ್ಲೂ ಬೆಡ್‌ರೂಮಿನ ಇನ್ನೊಂದರಲ್ಲೂ ಓಡಿಸಿದರೆ ಹೊರಗಿನ ಇಂಟರ್ನೆಟ್ ಲೆಕ್ಕಕ್ಕೇ ಬರುವುದಿಲ್ಲ.

ಪೆಟ್ಟಿಗೆಯ ಜಾಗ ಬದಲಿಸುವುದು

ಇದನ್ನು ಯಾರೂ ಆಯ್ಕೆಯೆಂದು ಎಣಿಸುವುದಿಲ್ಲ, ಆದರೆ ಒನ್ ಬಿಎಚ್‌ಕೆಯಲ್ಲಿ ಏನೂ ಕೊಳ್ಳದೆ ಕೆಲಸ ಸಾಧಿಸಿದ್ದು ಇದೇ. ಫೈಬರ್ ಹಾಕುವ ಹುಡುಗ ಮುಖ್ಯ ಬಾಗಿಲ ಹತ್ತಿರ, ಚಪ್ಪಲಿ ಕಪಾಟಿನ ಮೇಲೋ ಟಿವಿಯ ಹಿಂದೆಯೋ ಪೆಟ್ಟಿಗೆ ಕೂರಿಸಿ ಹೋಗುತ್ತಾನೆ. ಅವನನ್ನೇ ಕರೆಸಿ ಎಂಟು ಹತ್ತು ಮೀಟರ್ ಫೈಬರ್ ಮುಂದಕ್ಕೆ ಎಳೆಸಿ, ಹಾಲ್ ಮತ್ತು ಬೆಡ್‌ರೂಮಿನ ನಡುವಿನ ಪ್ಯಾಸೇಜಿನಲ್ಲಿ ಆಳೆತ್ತರಕ್ಕೆ ಕೂರಿಸಿಕೊಳ್ಳಿ. ಫೈಬರ್ ತಂತಿಯನ್ನು ಮೂಲೆಯಲ್ಲಿ ಮಡಚಿ ಮೊಳೆ ಹೊಡೆದರೆ ಬೆಳಕು ಸೋರಿ ಕೆಂಪು ದೀಪ ಉರಿಯುತ್ತದೆ. ಬಾಗುವಲ್ಲಿ ಅಂಗೈಯಗಲದ ದುಂಡು ಬಿಡಬೇಕು.

ಜಾಗ ಹುಡುಕುವಾಗ ಬಾತ್‌ರೂಮಿನ ಮೇಲಿನ ಲಾಫ್ಟ್ ನೋಡಿಕೊಳ್ಳಿ. ನೀರು ಹೊತ್ತಿಗಿಷ್ಟೇ ಬರುವ ಊರಾದ್ದರಿಂದ ಅಲ್ಲಿ ಟ್ಯಾಂಕ್ ಇರುತ್ತದೆ, ನೀರು ವೈಫೈಯನ್ನು ಚೆನ್ನಾಗಿಯೇ ಹೀರುತ್ತದೆ. ಟ್ಯಾಂಕಿನ ಆಚೆ ಮಗ್ಗುಲಿನ ಕೋಣೆ ಬರಡಾಗುವುದು ಇದರಿಂದಲೇ. ಗೋಡೆಯಗಲದ ಕನ್ನಡಿ ವಾರ್ಡ್‌ರೋಬ್, ಫ್ರಿಜ್ ಕೂಡ ಹೀಗೇ ಅಡ್ಡಿ.

ರಿಪೀಟರ್

ರೂಟರಿನ ಸಿಗ್ನಲ್ ಹಿಡಿದು ಮತ್ತೆ ಮುಂದಕ್ಕೆ ದಾಟಿಸುವ ಪುಟ್ಟ ಪೆಟ್ಟಿಗೆ ಇದು. ಸಾಕೆಟ್ಟಿಗೆ ಚುಚ್ಚಿದರೆ ಕೆಲಸ ಮುಗಿಯಿತು, ದುಡ್ಡೂ ಕಡಿಮೆ. ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಬೀಳುತ್ತದೆ. ಸಿಗ್ನಲ್ ಸಿಗದ ಕೋಣೆಯಲ್ಲೇ ಇದನ್ನು ಚುಚ್ಚುವುದು ಎಲ್ಲರೂ ಮಾಡುವ ತಪ್ಪು. ತನಗೇ ಕೇಳಿಸದ್ದನ್ನು ಅದು ಏನೆಂದು ದಾಟಿಸೀತು? ಬಾಲ್ಕನಿಯ ಕ್ಯಾಮೆರಾ, ಅಡುಗೆಮನೆಯ ಸ್ಪೀಕರ್ ಇಂಥವಕ್ಕೆ ಸಾಕು. ಕಚೇರಿ ಕೆಲಸದ ವೀಡಿಯೋ ಕಾಲ್‌ಗೆ ಬೇಡ.

ಮೆಶ್

ಎರಡು ಮೂರು ಪೆಟ್ಟಿಗೆ, ಒಂದೇ ಹೆಸರು, ನಡೆದಾಡುವಾಗ ಫೋನ್ ತಾನೇ ಹತ್ತಿರದ್ದನ್ನು ಹಿಡಿಯುತ್ತದೆ. ಆದರೆ ಎರಡು ಬ್ಯಾಂಡಿನ (2.4 ಮತ್ತು 5 ಗಿಗಾಹರ್ಟ್ಜ್ ಎಂಬ ಎರಡು ಅಲೆಪಟ್ಟಿಯ) ಮೆಶ್ ಪೆಟ್ಟಿಗೆಗಳು ತಮ್ಮೊಳಗೆ ಮಾತಾಡಲೂ ನಿಮ್ಮ ಫೋನಿನೊಡನೆ ಮಾತಾಡಲೂ ಅದೇ 5 ಗಿಗಾಹರ್ಟ್ಜ್ ಬಳಸುತ್ತವೆ. ರಿಪೀಟರ್‌ನ ಕಾಯಿಲೆಯೇ ಇಲ್ಲೂ ಇದೆ, ಸ್ವಲ್ಪ ಸೌಮ್ಯವಾಗಿ. ಮೂರು ಬ್ಯಾಂಡಿನದಾದರೆ ಒಳಮಾತಿಗೆ ಪ್ರತ್ಯೇಕ ರೇಡಿಯೋ ಇರುತ್ತದೆ, ಬೆಲೆಯೂ ಏರುತ್ತದೆ. ಅದೂ ಮಿವಾನ್ ಗೋಡೆ ಎರಡು ದಾಟಬೇಕಾದಲ್ಲಿ ಸೋಲುತ್ತದೆ.

ಎರಡನೆಯ ಪೆಟ್ಟಿಗೆಯನ್ನು ಎಲ್ಲಿಡಬೇಕೆಂದು ಫೋನಿನ ವೈಫೈ ಅನಲೈಸರ್ ಆ್ಯಪ್ ತೋರಿಸುತ್ತದೆ. ಮೊದಲ ಪೆಟ್ಟಿಗೆಯ ಸಿಗ್ನಲ್ ಮೈನಸ್ 60ರಿಂದ 65 ಡಿಬಿಎಂ (ಸಿಗ್ನಲ್ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ) ಇರುವ ಕಡೆ ಇಡಿ. ಮೈನಸ್ 75 ದಾಟಿದ ಮೇಲೆ ಇಟ್ಟು ಪ್ರಯೋಜನವಿಲ್ಲ. ಕೊಳ್ಳುವಾಗ ಹಿಂಬದಿಯ ಪೋರ್ಟ್ ಗಿಗಾಬಿಟ್ಟೇ ಎಂದು ಓದಿ ನೋಡಿ. ಎಸಿ1200 ಎಂದು ಬರೆದ ಅಗ್ಗದ ಸೆಟ್ಟುಗಳಲ್ಲಿ ಕೆಲವಕ್ಕೆ 100ರ ಪೋರ್ಟ್ ಇರುತ್ತದೆ. ಅಲ್ಲಿಗೆ 300ರ ಪ್ಲಾನ್ ಬಾಗಿಲಲ್ಲೇ 95 ಆಯಿತು. ಆ 1200 ಕೂಡ 2.4ರ 300, 5ರ 867 ಕೂಡಿಸಿ ಮೇಲಕ್ಕೆ ದುಂಡಗೆ ಮಾಡಿದ ಅಂಕಿ. ಒಂದು ಫೋನ್ ಒಮ್ಮೆಗೆ ಒಂದನ್ನೇ ಹಿಡಿಯುತ್ತದೆ, ಅದರಲ್ಲೂ ನಿಜಕ್ಕೆ ಸಿಗುವುದು ಅರ್ಧ, ಹೆಚ್ಚೆಂದರೆ ಮೂರನೇ ಎರಡು ಭಾಗ.

ಚಾನೆಲ್, ಅಂದರೆ ಬ್ಯಾಂಡಿನೊಳಗೆ ರೂಟರ್ ಬಳಸುವ ಓಣಿ, ಅದರ ವಿಷಯ ರಿಪೀಟರ್, ಮೆಶ್, ಸಾದಾ ರೂಟರ್ ಎಲ್ಲಕ್ಕೂ ಒಂದೇ. ಒತ್ತೊತ್ತಾಗಿ ಮನೆಗಳಿರುವ ಕಟ್ಟಡದಲ್ಲಿ 2.4 ಗಿಗಾಹರ್ಟ್ಜ್‌ನಲ್ಲಿ 1, 6, 11 ಬಿಟ್ಟು ಬೇರೆ ಚಾನೆಲ್ ಬೇಡ, ಅಗಲ 20 ಮೆಗಾಹರ್ಟ್ಜ್ ಇರಲಿ. 40 ಮಾಡಿದರೆ ನೆರೆಯವರ ಗದ್ದಲವನ್ನೆಲ್ಲ ನಾವೇ ಕರೆದುಕೊಂಡಂತೆ. 5 ಗಿಗಾಹರ್ಟ್ಜ್‌ನಲ್ಲಿ 80ರ ಅಗಲ ಇಟ್ಟು 36ರಿಂದ 48 ಅಥವಾ 149ರಿಂದ 161ರ ಗುಂಪು ಆರಿಸಿ. ನಡುವಿನ 52ರಿಂದ 144ರ ಚಾನೆಲ್‌ಗಳು ಖಾಲಿ ಕಾಣುತ್ತವೆ, ಆದರೆ ಅವುಗಳಲ್ಲಿ ರೇಡಾರ್ ಸುಳಿವು ಸಿಕ್ಕರೆ ರೂಟರ್ ತಕ್ಷಣ ಜಾಗ ಬಿಡಬೇಕು. ಹೊಸ ಚಾನೆಲ್ಲೂ ಆ ಗುಂಪಿನದೇ ಆದರೆ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕೇಳಿಯೇ ಮಾತು ಶುರು ಮಾಡಬೇಕು. ಜೋಗೇಶ್ವರಿಯ ವೆರಾವಲಿಯಲ್ಲಿ ಹವಾಮಾನ ಇಲಾಖೆಯ ಸಿ-ಬ್ಯಾಂಡ್ ರೇಡಾರ್ ಇದೆ, ಅದೂ ಈ 5 ಗಿಗಾಹರ್ಟ್ಜ್ ಸುತ್ತಲಿನದೇ. ಆ ಸುತ್ತಿನವರು ಈ ಗುಂಪನ್ನು ಬಿಟ್ಟೇಬಿಡುವುದು ಒಳ್ಳೆಯದು.

ಪವರ್‌ಲೈನ್ ಅಡಾಪ್ಟರ್

ಮನೆಯ ಕರೆಂಟ್ ತಂತಿಯಲ್ಲೇ ಡೇಟಾ ಓಡಿಸುವ ಜೋಡಿ. ದಪ್ಪ ಗೋಡೆಯ ಮಾಟುಂಗದ ಮನೆಗೆ ತಕ್ಕ ಉಪಾಯವೆನಿಸುತ್ತದೆ, ಕೆಲವೊಮ್ಮೆ ಹೌದು ಕೂಡ. ಆದರೆ ಡಬ್ಬದ ಮೇಲಿನ 600, 1000 ಎಂಬ ಅಂಕಿಗಳನ್ನು ಮರೆತುಬಿಡಿ. 600ರ ವರ್ಗದ ಹಲವು ಅಡಾಪ್ಟರುಗಳ ಪೋರ್ಟೇ 100ರದು. ಎರಡೂ ತುದಿ ಒಂದೇ ಫೇಸ್‌ನಲ್ಲಿರಬೇಕು. ಮೂರು ಫೇಸ್ ಬಂದಿರುವ ಮನೆಯಲ್ಲಿ ಎಸಿಯ ಸಾಕೆಟ್ ಒಂದರಲ್ಲಿ, ಹಾಲ್ ಇನ್ನೊಂದರಲ್ಲಿ ಇರಬಹುದು. ಗೋಡೆಯ ಸಾಕೆಟ್ಟಿಗೇ ಚುಚ್ಚಬೇಕು. ಎಕ್ಸ್‌ಟೆನ್ಷನ್ ಬೋರ್ಡ್, ಸ್ಪೈಕ್ ಗಾರ್ಡ್, ಯುಪಿಎಸ್ ಇವು ಆ ಸಂಕೇತವನ್ನು ಗಲೀಜೆಂದು ಸೋಸಿಬಿಡುತ್ತವೆ. ಅಗ್ಗದ ಮೊಬೈಲ್ ಚಾರ್ಜರ್, ಎಲ್‌ಇಡಿ ದೀಪ, ವಾಷಿಂಗ್ ಮಷೀನ್ ಶುರುವಾದಾಗಲೆಲ್ಲ ವೇಗ ಏರಿಳಿಯುತ್ತದೆ. ಬೆಳಗ್ಗೆ ಒಂದು ವೇಗ, ರಾತ್ರಿ ಇನ್ನೊಂದು. ಹಿಂದಿರುಗಿಸಲು ಒಪ್ಪುವ ಅಂಗಡಿಯಿಂದ ಮಾತ್ರ ಕೊಳ್ಳಿ.

ಡಿಶ್‌ನ ಕೋಆ್ಯಕ್ಸ್ ತಂತಿಯಲ್ಲಿ ಡೇಟಾ ಓಡಿಸುವ ಮೋಕಾ ಅಡಾಪ್ಟರನ್ನೂ ಕೆಲವರು ಕೇಳುತ್ತಾರೆ. ಡಿಶ್ ಬಳಕೆಯಲ್ಲಿದ್ದರೆ ಆಗದು. ಡಿಶ್‌ನಿಂದ ಇಳಿಯುವ ಸಂಕೇತ 950ರಿಂದ 2150 ಮೆಗಾಹರ್ಟ್ಜ್, ಮೋಕಾ ಬಳಸುವುದು 1125ರಿಂದ 1675. ಎರಡೂ ಒಂದರ ಮೇಲೊಂದು ಬೀಳುತ್ತವೆ.

ಕೇಬಲ್

ಬೆಡ್‌ರೂಮಿಗೆ ಒಂದೇ ಒಂದು ಕೇಬಲ್, ಅದರ ತುದಿಗೆ ಒಂದು ರೂಟರ್. ಮೂರು ಬಗೆಯ ಮನೆಯಲ್ಲೂ ಇದರ ಹತ್ತಿರ ಬೇರೆ ಯಾವುದೂ ಬರಲಿಲ್ಲ. ವೇಗಕ್ಕಿಂತ ಹೆಚ್ಚಾಗಿ ಸ್ಥಿರತೆ ಇದರ ಬಲ: ರೂಟರಿಗೆ ಪಿಂಗ್ (ಉತ್ತರ ಎಷ್ಟು ಬೇಗ ಬರುತ್ತದೆಂದು ನೋಡುವ ಪುಟ್ಟ ಸಂದೇಶ) ಕಳಿಸಿದರೆ ಒಂದು ಮಿಲಿಸೆಕೆಂಡಿನೊಳಗೆ ಉತ್ತರ, ಹೊತ್ತೆಲ್ಲ ಹಾಗೆಯೇ. ಕಾಲ್ ತಡವರಿಸುವುದು ವೇಗ ಸಾಲದೆ ಅಲ್ಲ, ಈ ಉತ್ತರ ಒಮ್ಮೆ ಮೂರು, ಒಮ್ಮೆ ಎಂಬತ್ತು ಎಂದು ಕುಣಿಯುವುದರಿಂದ.

ತಂತಿ ಹೋಗುವ ದಾರಿಯೇ ದೊಡ್ಡ ತಲೆನೋವು. ಎಂಟಿಎನ್‌ಎಲ್ ಲ್ಯಾಂಡ್‌ಲೈನ್ ಫೋನಿನ ಕಾಲದ ಕಟ್ಟಡಗಳಲ್ಲಿ ಹಾಲ್‌ನಿಂದ ಬೆಡ್‌ರೂಮಿಗೆ ಟೆಲಿಫೋನ್ ತಂತಿಯ ಪೈಪ್ ಗೋಡೆಯೊಳಗೇ ಇರುವುದುಂಟು. ಆ ಹಳೆ ತಂತಿ ಗಿಗಾಬಿಟ್‌ಗೆ ಬಾರದು, ಆದರೆ ಅದರ ತುದಿಗೆ ಹೊಸ ಕೇಬಲನ್ನು ಬಿಗಿಯಾಗಿ ಟೇಪ್ ಸುತ್ತಿ ಇನ್ನೊಂದು ಕಡೆಯಿಂದ ಎಳೆದರೆ ಹೊಸದು ಹಿಂದೆಯೇ ಬರುತ್ತದೆ. ಕ್ಯಾಟ್6 ದರ್ಜೆಯ ನೆಟ್‌ವರ್ಕ್ ಕೇಬಲಿನ ದಪ್ಪ ಸುಮಾರು 6 ಮಿಲಿಮೀಟರ್, 20 ಮಿಲಿಮೀಟರ್ ಪೈಪಿನಲ್ಲಿ ಎರಡು ಹಿಡಿಸುತ್ತವೆ. ಪೈಪ್ ಇಲ್ಲದಿದ್ದರೆ, 11 ತಿಂಗಳ ಕರಾರಿನ ಬಾಡಿಗೆ ಮನೆಯಾದರೆ, ಪ್ಲಾಸ್ಟಿಕ್ ಪಟ್ಟಿಯನ್ನು ಬಾಗಿಲ ಚೌಕಟ್ಟಿನ ಗುಂಟ ಅಂಟಿಸಿ ಒಯ್ಯಬಹುದು. ಕರೆಂಟ್ ತಂತಿ ಇರುವ ಪೈಪಿಗೋ ಪಟ್ಟಿಗೋ ಇದನ್ನು ಎಂದೂ ತುರುಕಬೇಡಿ, ಇದು ಜೀವದ ಪ್ರಶ್ನೆ. ಸಮಾನಾಂತರವಾಗಿ ಓಡುವಲ್ಲಿ ಒಂದು ಗೇಣು ದೂರವಿರಲಿ.

ಮನೆಗೆ ಅದಕ್ಕಿಂತ ಕೆಳಗಿನ ದರ್ಜೆಯ ಕ್ಯಾಟ್5ಇ ಸಾಕು, 100 ಮೀಟರ್ ತನಕ ಗಿಗಾಬಿಟ್ ಒಯ್ಯುತ್ತದೆ. ಗೋಡೆಯೊಳಗೆ ಹೂಳುವುದಾದರೆ ಮತ್ತೆ ತೆಗೆಯುವಂತಿಲ್ಲ, ಕ್ಯಾಟ್6 ಹಾಕಿ. ಗ್ರ್ಯಾಂಟ್ ರೋಡ್ ಸ್ಟೇಷನ್ ಬಳಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಮೀಟರ್ ಲೆಕ್ಕದಲ್ಲೂ ಸಿಗುತ್ತದೆ, 305 ಮೀಟರ್ ಪೆಟ್ಟಿಗೆ ಹೊರಬೇಕಿಲ್ಲ. ಅಲ್ಲಿ ಕೇಳಬೇಕಾದ್ದು ಒಂದೇ: ಪೂರ್ತಿ ತಾಮ್ರವೇ, ತಾಮ್ರ ಲೇಪದ ಅಲ್ಯುಮಿನಿಯಮ್ಮೇ? ಒಳ ಎಳೆಯನ್ನು ಬ್ಲೇಡಿನಿಂದ ಕೆರೆದರೆ ತಿಳಿಯುತ್ತದೆ, ಬಿಳಿ ಕಂಡರೆ ವಾಪಸ್ ಕೊಡಿ. ಅಲ್ಯುಮಿನಿಯಂ ಎಳೆ ಬಾಗಿದಲ್ಲಿ ಮುರಿಯುತ್ತದೆ, ಮತ್ತೆ ಅದೇ 94ರ ಕಥೆ.

ತುದಿ ಕಟ್ಟುವಾಗ ಎರಡೂ ಕಡೆ ಒಂದೇ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹುರಿ ಬಿಚ್ಚುವುದು ಅರ್ಧ ಇಂಚು ಮೀರಬಾರದು. ಕ್ರಿಂಪ್ ಮಾಡಿದ (ತುದಿಯ ಪ್ಲಗ್ಗನ್ನು ಇಕ್ಕಳದಿಂದ ಒತ್ತಿ ಕೂರಿಸಿದ) ಮೇಲೆ ಅಗ್ಗದ ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಉರಿಯಬೇಕು. ಕೈ ಪಳಗದಿದ್ದರೆ ಕ್ರಿಂಪಿಂಗ್ ಬಿಟ್ಟು 10, 15, 20 ಮೀಟರಿನ ಸಿದ್ಧ ಕೇಬಲ್ ತನ್ನಿ.

ಬೆಡ್‌ರೂಮಿನ ತುದಿಗೆ ಹೊಸದೇ ಬೇಕೆಂದಿಲ್ಲ, ಗಿಗಾಬಿಟ್ ಪೋರ್ಟಿನ ಹಳೆ ರೂಟರ್ ಆದೀತು. ಮೆನುವಿನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ (ವೈಫೈ ಮಾತ್ರ ಹರಡುವ ವ್ಯವಸ್ಥೆ) ಇದ್ದರೆ ಒತ್ತಿ, ಮುಗಿಯಿತು. ಇಲ್ಲದಿದ್ದರೆ ಮುಖ್ಯ ರೂಟರ್ 192.168.1.1 ಆಗಿರುವಲ್ಲಿ ಇದಕ್ಕೆ 192.168.1.2 ಕೊಟ್ಟು, ಇದರ ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ಹೊರಗಿನ ಇಂಟರ್ನೆಟ್ಟಿಗೆಂದಿರುವ ವ್ಯಾನ್ ಪೋರ್ಟಿಗಲ್ಲ, ಮನೆಯೊಳಗಿನ ಸಾಧನಗಳಿಗೆಂದಿರುವ ಲ್ಯಾನ್ ಪೋರ್ಟಿಗೆ ಚುಚ್ಚಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡೂ ರೂಟರ್ ವಿಳಾಸ ಹಂಚುತ್ತಾ ಅರ್ಧ ಮನೆಗೆ ಇಂಟರ್ನೆಟ್ ಹೋಗುತ್ತದೆ. ವ್ಯಾನ್‌ಗೆ ಚುಚ್ಚಿದರೆ ಹಾಲ್‌ನ ಪ್ರಿಂಟರ್ ಬೆಡ್‌ರೂಮಿಗೆ ಕಾಣದು. ವೈಫೈ ಹೆಸರು, ಪಾಸ್‌ವರ್ಡ್ ಒಂದೇ ಇಡಿ, ಚಾನೆಲ್ ಬೇರೆ ಕೊಡಿ.

ಈಗಾಗಲೇ ಮೆಶ್ ಕೊಂಡವರೂ ಪೆಟ್ಟಿಗೆಗಳ ನಡುವೆ ಇದೇ ಕೇಬಲ್ ಹಾಕಬಹುದು. ಮಿವಾನ್ ಟವರಿನಲ್ಲಿ ನಾವು ಕೊನೆಗೆ ಒಪ್ಪಿಕೊಂಡದ್ದು ಈ ಜೋಡಿಯನ್ನೇ. ಮನೆಯ ಒಳದಾರಿ ಸಿಗದೆ ಕಿಟಕಿಯ ಹೊರಗಿಂದ ಕೇಬಲ್ ತರಬೇಕಾದರೆ ಒಳಾಂಗಣದ ಪಿವಿಸಿ ಹೊದಿಕೆಯದು ಬಿಸಿಲಿಗೆ ಬಿರಿಯುತ್ತದೆ, ಹೊರಬಳಕೆಯ ಕಪ್ಪು ಹೊದಿಕೆಯದನ್ನೇ ಕೇಳಿ. ಒಳಗೆ ಬರುವ ಮುಂಚೆ ಕೇಬಲನ್ನು ಕಿಟಕಿಯ ತೂತಿಗಿಂತ ಒಂದು ಗೇಣು ಕೆಳಗಿಳಿಸಿ ಮತ್ತೆ ಮೇಲೆ ತನ್ನಿ, ಜೂನ್‌ನ ಮಳೆನೀರು ಆ ಬಳುಕಿನಿಂದಲೇ ಕೆಳಗೆ ತೊಟ್ಟಿಕ್ಕುತ್ತದೆ, ರೂಟರಿನ ಪೋರ್ಟಿಗೆ ಹರಿಯುವುದಿಲ್ಲ.