94ಕ್ಕೆ ನಿಂತ ವೇಗ: ಮನೆಯ ಕೇಬಲ್ ಇಂಟರ್‌ನೆಟ್‌ಗೆ ನಾನು ಹಿಡಿದು ನೋಡಿದ ದಾರಿಗಳು

ಕೇಬಲ್ ಜೋಡಿಸಿದ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ನಿಧಾನವಾದರೆ, ವೇಗ ಪರೀಕ್ಷೆಯಲ್ಲಿ ಬರುವ ಅಂಕಿ ಯಾವುದು ಎಂಬುದನ್ನು ಮೊದಲು ಗಮನಿಸಬೇಕು. ನನ್ನದು 300 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಸಂಪರ್ಕ. ಹಗಲು ನೋಡಿದರೂ ರಾತ್ರಿ ನೋಡಿದರೂ ಬರುತ್ತಿದ್ದುದು 93 ಅಥವಾ 94. ಹೊರಗಿನ ಜಾಲದಲ್ಲಿ ದಟ್ಟಣೆ ಇದ್ದರೆ ವೇಗ ಹೊತ್ತು ಹೊತ್ತಿಗೆ ಏರಿಳಿಯುತ್ತದೆಯೇ ಹೊರತು ಹೀಗೆ ಒಂದೇ ಕಡೆ ಗೂಟ ಹೊಡೆದಂತೆ ನಿಲ್ಲುವುದಿಲ್ಲ. 100 ಎಂಬಿಪಿಎಸ್ ಈಥರ್ನೆಟ್ (ಕೇಬಲ್ ಜಾಲ) ಸಂಪರ್ಕದಲ್ಲಿ, ಮಾಹಿತಿಯ ತುಣುಕುಗಳಾದ ಪ್ಯಾಕೆಟ್‌ಗಳ ತಲೆಬರಹ ಮುಂತಾದವುಗಳ ಪಾಲು ಕಳೆದರೆ ಉಳಿಯುವುದು ಸುಮಾರು 94. ಗಿಗಾಬಿಟ್ (1000 ಎಂಬಿಪಿಎಸ್) ಸಂಪರ್ಕದಲ್ಲಿ ಅದೇ ಲೆಕ್ಕ ಸುಮಾರು 940ಕ್ಕೆ ಬರುತ್ತದೆ. ಅಂದರೆ ತೊಂದರೆ ಮನೆಯೊಳಗೇ ಇತ್ತು. ರೌಟರ್‌ನಿಂದ ಗೋಡೆಯೊಳಗಿನ ಹಳೆಯ ಕೇಬಲ್ ಮತ್ತು ಗೋಡೆಯ ಜಾಲದ ಸಾಕೆಟ್ ಮೂಲಕ ಮೇಜಿನವರೆಗೆ ಬರುವ ದಾರಿಯಲ್ಲಿ ಯಾವುದೋ ಒಂದು ಕಡೆ ಸಂಪರ್ಕ ಗಿಗಾಬಿಟ್‌ಗೆ ಏರದೆ 100ಕ್ಕೆ ಇಳಿದಿತ್ತು.

ವಿಂಡೋಸ್‌ನ ಈಥರ್ನೆಟ್ ಸೆಟ್ಟಿಂಗ್ಸ್ ಪುಟದಲ್ಲಿ ಲಿಂಕ್ ಸ್ಪೀಡ್ (ಕೇಬಲ್‌ನ ಎರಡು ತುದಿಯ ಸಾಧನಗಳು ಒಪ್ಪಿಕೊಂಡ ವೇಗ) ಎಂಬ ಸಾಲಿದೆ. ಲಿನಕ್ಸ್‌ನಲ್ಲಿ ಈಥ್‌ಟೂಲ್ ಆದೇಶ ಅದನ್ನೇ ತೋರಿಸುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು 100 ಎಂದಿತ್ತು. ಅದೇ ಲ್ಯಾಪ್‌ಟಾಪನ್ನು ರೌಟರ್ ಪಕ್ಕಕ್ಕೆ ಒಯ್ದು ಗಿಡ್ಡ ಕೇಬಲ್‌ನಿಂದ ಜೋಡಿಸಿದಾಗ ಲಿಂಕ್ 1000ಕ್ಕೆ ಏರಿತು, 300 ಪೂರ್ತಿ ಬಂತು. ಹೀಗಾಗಿ ರೌಟರ್ ನಿರಪರಾಧಿ. ಈ ಹೆಜ್ಜೆಯನ್ನು ಯಾರೂ ಬಿಡಬಾರದು. ಪೆಟ್ಟಿಗೆಯ ಮೇಲೆ ದೊಡ್ಡ ವೈಫೈ ಅಂಕಿಗಳನ್ನು ಅಚ್ಚು ಹಾಕಿ, ಹಿಂಬದಿಯಲ್ಲಿ ಬರೀ 100 ಎಂಬಿಪಿಎಸ್ ಪೋರ್ಟ್‌ಗಳನ್ನು ಕೊಡುವ ರೌಟರ್‌ಗಳು ಇನ್ನೂ ಮಾರುಕಟ್ಟೆಯಲ್ಲಿವೆ. ರೌಟರ್ ಅಂಥದಾದರೆ ಕೇಬಲ್ ಬದಲಿಸಿ ಫಲವಿಲ್ಲ.

ಇನ್ನು ನಾನು ಹಿಡಿದು ನೋಡಿದ ದಾರಿಗಳ ಹೋಲಿಕೆ. ಇಂಟರ್‌ನೆಟ್‌ನ ಏರಿಳಿತ ಲೆಕ್ಕವನ್ನು ಕೆಡಿಸಬಾರದೆಂದು, ಮನೆಯ ಎರಡು ಕಂಪ್ಯೂಟರ್‌ಗಳ ನಡುವೆ ಜಾಲದ ವೇಗ ಅಳೆಯುವ ಐಪರ್ಫ್3 ತಂತ್ರಾಂಶ ಓಡಿಸಿ ಅಳೆದೆ.

ಖರ್ಚಿಲ್ಲದ ದಾರಿ ಎಂದರೆ ಡ್ರೈವರ್ ಸೆಟ್ಟಿಂಗ್. ಸ್ಪೀಡ್ ಮತ್ತು ಡ್ಯುಪ್ಲೆಕ್ಸ್ ಆಯ್ಕೆಯನ್ನು ಆಟೊದಿಂದ 1 ಗಿಗಾಬಿಟ್‌ಗೆ ಬದಲಿಸಿದೆ. ಸಂಪರ್ಕವೇ ಕಡಿದುಹೋಯಿತು. ಅದೂ ಒಂದು ಉತ್ತರವೇ: ಈ ದಾರಿಗೆ ಗಿಗಾಬಿಟ್ ಹೊರುವ ಶಕ್ತಿ ಇಲ್ಲ. ಆದರೆ 100 ಫುಲ್ ಡ್ಯುಪ್ಲೆಕ್ಸ್ (ಒಂದೇ ವೇಳೆ ಎರಡೂ ದಿಕ್ಕಿನ ಸಾಗಣೆ) ಎಂದು ಬಿಗಿಯಾಗಿ ನಿಗದಿಪಡಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಒಂದು ತುದಿ ವೇಗ ಗೊತ್ತುಮಾಡುವ ಮಾತುಕತೆ ನಿಲ್ಲಿಸಿದರೆ, ಆಟೊದಲ್ಲೇ ಇರುವ ಇನ್ನೊಂದು ತುದಿ ನಿಯಮದ ಪ್ರಕಾರ ಹಾಫ್ ಡ್ಯುಪ್ಲೆಕ್ಸ್‌ಗೆ (ಒಮ್ಮೆಗೆ ಒಂದೇ ದಿಕ್ಕು) ಇಳಿಯುತ್ತದೆ. ಆಗ ಡಿಕ್ಕಿಗಳು ಹೆಚ್ಚಿ, ಇದ್ದ 94 ಕೂಡ ಕೈಬಿಟ್ಟುಹೋಗುತ್ತದೆ. ವಿದ್ಯುತ್ ಉಳಿಸುವ ಗ್ರೀನ್ ಈಥರ್ನೆಟ್ ಆಯ್ಕೆಯನ್ನೂ ಬಂದ್ ಮಾಡಿ ನೋಡಿದೆ, ವೇಗ ಬದಲಾಗಲಿಲ್ಲ.

ಯುಎಸ್‌ಬಿ ಕಿಂಡಿಗೆ ಜಾಲದ ಕೇಬಲ್ ಜೋಡಿಸುವ ಅಡಾಪ್ಟರ್ ಕೂಡ ಗೋಡೆಯ ಸಾಕೆಟ್‌ನಲ್ಲಿ 94ರಲ್ಲೇ ನಿಂತಿತು. ಲ್ಯಾಪ್‌ಟಾಪಿನ ಪೋರ್ಟ್ ಕೆಟ್ಟಿಲ್ಲ ಎಂಬುದು ಖಚಿತವಾಯಿತು. ಲ್ಯಾಪ್‌ಟಾಪಿನಲ್ಲೇ 100ರ ಪೋರ್ಟ್ ಇರುವವರಿಗೆ ಇದು ಒಳ್ಳೆಯ ಪರಿಹಾರ, ಆದರೆ ಯುಎಸ್‌ಬಿ 3 ಅಡಾಪ್ಟರನ್ನೇ ಕೊಳ್ಳಬೇಕು. ಯುಎಸ್‌ಬಿ 2ರ ಮಿತಿ ಕಾಗದದ ಮೇಲೇ 480, ಕೈಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ.

ಪವರ್‌ಲೈನ್ ಅಡಾಪ್ಟರ್ ಮೇಲೆ ನನಗೆ ನಿಜಕ್ಕೂ ಆಸೆಯಿತ್ತು. ಗೋಡೆ ಮುಟ್ಟುವ ಕೆಲಸವಿಲ್ಲ, ವಿದ್ಯುತ್ ತಂತಿಯೇ ಜಾಲದ ತಂತಿಯಾಗುತ್ತದೆ. ಪೆಟ್ಟಿಗೆಯ ಮೇಲೆ 1200 ಎಂದಿತ್ತು. ಐಪರ್ಫ್ ತೋರಿಸಿದ್ದು 150ರ ಸುತ್ತಮುತ್ತ. ವಾಷಿಂಗ್ ಮೆಷಿನ್ ತಿರುಗುವಾಗ ಅದು ಅರ್ಧಕ್ಕೂ ಕೆಳಗೆ ಜಾರುತ್ತಿತ್ತು, ಅಗ್ಗದ ಮೊಬೈಲ್ ಚಾರ್ಜರ್ ಪಕ್ಕದಲ್ಲಿದ್ದರೂ ಕುಗ್ಗುತ್ತಿತ್ತು. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದರಂತೂ ಹೇಳುವುದೇ ಬೇಡ, ಏಕೆಂದರೆ ಅಡಾಪ್ಟರ್ ಬಳಸುವ ಮೆಗಾಹರ್ಟ್ಸ್ ತರಂಗಗಳನ್ನೇ ಅಂಥ ಬೋರ್ಡ್ ಸೋಸಿಹಾಕುತ್ತದೆ. ಪೆಟ್ಟಿಗೆಯ ಅಂಕಿಯೂ ಎರಡು ದಿಕ್ಕಿನ ಸಾಗಣೆಯನ್ನು ಕೂಡಿಸಿದ, ತಂತಿಯ ಮೇಲಿನ ಕಚ್ಚಾ ಲೆಕ್ಕ. ಗೋಡೆ ಒಡೆಯುವಂತಿಲ್ಲದ ಬಾಡಿಗೆ ಮನೆಯಲ್ಲಿ, ಎರಡೂ ತುದಿಯನ್ನು ನೇರವಾಗಿ ಗೋಡೆಯ ವಿದ್ಯುತ್ ಸಾಕೆಟ್‌ಗೇ ಚುಚ್ಚುವುದಾದರೆ, ಇದು ಕೆಲಸಕ್ಕೆ ಬರುತ್ತದೆ.

5 ಗಿಗಾಹರ್ಟ್ಸ್ ವೈಫೈ ಹಿಂದಿನ ಕೋಣೆಯಲ್ಲೂ 200 ದಾಟಿತು. ಹೌದು, ನನ್ನ ಕೇಬಲ್‌ಗಿಂತ ದುಪ್ಪಟ್ಟು. ದೊಡ್ಡ ಫೈಲ್ ಇಳಿಸಿಕೊಳ್ಳಲು ಅದು ಸಾಕು. ಆದರೆ ಪಿಂಗ್ (ಸಂದೇಶ ಹೋಗಿ ಉತ್ತರ ಬರುವ ಹೊತ್ತು) ಒಂದೇ ಸಮನೆ ಇರಲಿಲ್ಲ. ಕೇಬಲ್‌ನಲ್ಲಿ ರೌಟರ್‌ವರೆಗೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಇದ್ದದ್ದು ವೈಫೈಯಲ್ಲಿ 3ಕ್ಕೆ, ಒಮ್ಮೊಮ್ಮೆ 40ಕ್ಕೆ ನೆಗೆಯುತ್ತಿತ್ತು. ದಿನವಿಡೀ ದೂರದ ಕಂಪ್ಯೂಟರಿನ ಪರದೆಯಲ್ಲಿ ಕೆಲಸ ಮಾಡುವವರಿಗೆ ಆ ನೆಗೆತ ಕೈಗೇ ಗೊತ್ತಾಗುತ್ತದೆ.

ನೆಲದ ಮೇಲೆ ಹೊಸ ಕೇಬಲ್ ಹಾಸಿ ನೋಡಿದ್ದು ಹೆಚ್ಚು ಕಲಿಸಿತು. ಬಾಗಿಲ ಸಂದಿಯಲ್ಲಿ ನುಸುಳುವ ಚಪ್ಪಟೆ ಕೇಬಲ್ ಆರಂಭದಲ್ಲಿ ಗಿಗಾಬಿಟ್ ಲಿಂಕ್ ಕೊಟ್ಟಿತು. ಆದರೆ ಅದರೊಳಗಿನ ತಂತಿಗಳು ಕೂದಲಿನಂತೆ ತೆಳು. ಬಾಗಿಲು ಒತ್ತಿದ ಜಾಗದಲ್ಲಿ ದೋಷದ ಎಣಿಕೆ ಏರತೊಡಗಿ, ಲಿಂಕ್ ಆಗಾಗ 100ಕ್ಕೆ ಬೀಳುತ್ತಿತ್ತು. ಅಪ್ಪಟ ತಾಮ್ರದ ದುಂಡು ಕ್ಯಾಟ್6 (ಕೇಬಲ್‌ನ ಒಂದು ದರ್ಜೆ) ಕೇಬಲ್ ಹಾಸಿದಾಗ ಐಪರ್ಫ್ 940ಕ್ಕೆ ಹೋಗಿ ಅಲ್ಲೇ ನಿಂತಿತು. ಕೊಳ್ಳುವಾಗ ಸಿಸಿಎ ಎಂಬ ಅಕ್ಷರಗಳನ್ನು ಹುಡುಕಿ; ಇದ್ದರೆ ಕೇಬಲನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅದರ ರೋಧ ಹೆಚ್ಚು, ಬಾಗಿಸಿದರೆ ಬೇಗ ಮುರಿಯುತ್ತದೆ, ಕ್ಯಾಟ್5ಇ ಅಥವಾ ಕ್ಯಾಟ್6 ಮಾನದಂಡಕ್ಕೂ ಹೊಂದುವುದಿಲ್ಲ. ಕ್ಯಾಟ್7, ಕ್ಯಾಟ್8 ಎಂಬ ಮುದ್ರೆಗೆ ಮನೆಯಲ್ಲಿ ಹಣ ಸುರಿಯುವ ಅಗತ್ಯ ಕಾಣಲಿಲ್ಲ. ಒಳ್ಳೆಯ ಕ್ಯಾಟ್5ಇ ಕೇಬಲ್ಲೇ 100 ಮೀಟರ್‌ವರೆಗೆ ಗಿಗಾಬಿಟ್ ಹೊರುತ್ತದೆ.

ಹಾಗಾದರೆ ಗೋಡೆಯೊಳಗಿನ ಹಳೆಯ ಕ್ಯಾಟ್5ಇ ಏಕೆ ಸೋತಿತು? 100 ಎಂಬಿಪಿಎಸ್‌ಗೆ, ಕೇಬಲ್‌ನೊಳಗೆ ಜೋಡಿಜೋಡಿಯಾಗಿ ಹೆಣೆದ ಎಂಟು ತಂತಿಗಳಲ್ಲಿ ನಾಲ್ಕು ಸಾಕು: 1, 2, 3 ಮತ್ತು 6ನೇ ಪಿನ್‌ಗಳು. 1999ರಲ್ಲಿ ಬಂದ ಗಿಗಾಬಿಟ್ ಮಾನದಂಡಕ್ಕೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದೇ ಒಂದು ಸಡಿಲವಿದ್ದರೂ ಎಷ್ಟೋ ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿದು, ಎಲ್ಲವೂ ಸರಿಯಿರುವಂತೆ ನಡೆಯುತ್ತವೆ. ಕೇಬಲ್ ಟೆಸ್ಟರ್ ಹಚ್ಚಿದಾಗ ನನ್ನದರಲ್ಲಿ 5ನೇ ದೀಪ ಬೆಳಗಲಿಲ್ಲ. ಸಾಕೆಟ್ ಬಿಚ್ಚಿದರೆ ನೀಲಿ ಜೋಡಿಯ ಒಂದು ತಂತಿ ಸೀಳಿನೊಳಗೆ ಪೂರ್ತಿ ಕೂತಿರಲಿಲ್ಲ. ಹಳೆಯ ತುದಿ ಕತ್ತರಿಸಿ, ಇನ್ನೊಂದು ತುದಿಯಲ್ಲಿದ್ದಂತೆಯೇ ಟಿ568ಬಿ ಎಂಬ ಬಣ್ಣಗಳ ಕ್ರಮದಲ್ಲಿ, ಜೋಡಿಗಳ ಹೆಣಿಗೆಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚದೆ, ತಂತಿಯನ್ನು ಸೀಳಿನೊಳಗೆ ಕೂರಿಸುವ ಪಂಚ್ ಡೌನ್ ಟೂಲ್‌ನಿಂದ ಒತ್ತಿದೆ. ಲಿಂಕ್ 1000ಕ್ಕೆ ಏರಿತು, ಐಪರ್ಫ್ 940, ಇಂಟರ್‌ನೆಟ್ ಪೂರ್ತಿ 300. ಹೊಸ ಕೇಬಲ್‌ಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಆದ್ದರಿಂದ ನನ್ನ ಆಯ್ಕೆ ಇದೇ: ಸಾಧನ ಕೊಳ್ಳುವ ಮುಂಚೆ ತುದಿಗಳನ್ನು ಬಿಚ್ಚಿ ನೋಡಿ. ಟೆಸ್ಟರ್‌ನ ಎಂಟೂ ದೀಪ ಕ್ರಮವಾಗಿ ಬೆಳಗಿಯೂ ವೇಗ ಬಾರದಿದ್ದರೆ, ಎರಡೂ ತುದಿಯಲ್ಲಿ ಒಂದು ಜೋಡಿಯ ತಂತಿ ಇನ್ನೊಂದು ಜೋಡಿಯ ಜಾಗದಲ್ಲಿ ಕೂತಿರಬಹುದು. ಸಾಮಾನ್ಯ ಟೆಸ್ಟರ್ ಅದನ್ನು ಕಂಡುಹಿಡಿಯಲಾರದು, ಬಣ್ಣಗಳನ್ನು ಕಣ್ಣಿನಿಂದಲೇ ತಾಳೆ ನೋಡಬೇಕು. ತಂತಿ ಗೋಡೆಯೊಳಗೇ ತುಂಡಾಗಿದ್ದು ಕೇಬಲ್ ಪೈಪಿನೊಳಗೆ ಸಡಿಲವಾಗಿ ಓಡಾಡುತ್ತಿದ್ದರೆ, ಹಳೆಯದರ ತುದಿಗೆ ಹೊಸ ಕ್ಯಾಟ್6 ಕಟ್ಟಿ ಎಳೆಯಿರಿ. ಎಳೆಯುವಾಗ ಜೊತೆಗೊಂದು ಗಟ್ಟಿ ದಾರವನ್ನೂ ಸೇರಿಸಿದರೆ ಮುಂದಿನ ಕೇಬಲ್‌ಗೂ ದಾರಿಯಿರುತ್ತದೆ.